ಹಸಿರು ಗುರುತಿನ ಆಸ್ಪತ್ರೆ

ಇಷ್ಟದೇವರನ್ನು ನೆನೆದು ಬೆಂಗಳೂರಿನಿಂದ ಹೊರಟ ನಾನು ಐದು ಗಂಟೆಗಳ ಬಳಿಕ ಕುವೈತಿನಲ್ಲಿ ಇಳಿದಾಗ, ಬೆಳಗಿನ ಒಂಬತ್ತಕ್ಕೇ ಧೂಳು ಸೂರ್ಯನನ್ನು ಮುಚ್ಚಿತ್ತು. ಸಾಲ್ಮಿಯಾದ ಮನೆಯಲ್ಲಿ ಮಗಳು ವಸುಧಾ ಉಪ್ಪಿಟ್ಟು ಬಡಿಸಿದಳು. ಕಣ್ಣು ಮಾತ್ರ ಫೋನಿನ ಮೇಲಿತ್ತು.

ನಾಲ್ಕಾರು ಜನ ಕೂಡಿ ಮಾಹಿತಿ ಹುಡುಕಲು ನೆರವಾಗುವ ತಂತ್ರಾಂಶವೊಂದನ್ನು ಅವಳು ರೂಪಿಸುತ್ತಿದ್ದಳು. ಅದರ ಮೊದಲ ಪರೀಕ್ಷೆ ಸಂಕಟದ ನಡುವೆಯೇ ನಡೆದಿತ್ತು. ರಾಯ್ ಎಂಬ ಕೈಗಾರಿಕಾ ಪ್ರದೇಶದ ವರ್ಕ್‌ಶಾಪೊಂದರ ವೆಲ್ಡರ್, ಗದುಗಿನ ಕಡೆಯ ವೀರಭದ್ರಪ್ಪ, ಎರಡು ದಿನಗಳಿಂದ ಕಾಣೆಯಾಗಿದ್ದ. ಅವನ ಕೋಣೆಯ ಜೊತೆಗಾರ ಶರಣಪ್ಪ, ಇನ್ನಿಬ್ಬರು ಗೆಳೆಯರು ಹಾಗೂ ವಸುಧಾ ಆಸ್ಪತ್ರೆ, ಠಾಣೆಗಳನ್ನು ಹಂಚಿಕೊಂಡು ವಿಚಾರಿಸುತ್ತಿದ್ದರು. ಒಂದು ಕಡೆ ಕೇಳಿ ಮುಗಿದೊಡನೆ ಎಲ್ಲರ ಫೋನಿನಲ್ಲೂ ಅದರ ಮುಂದೆ ಹಸಿರು ಗುರುತು ಮೂಡುತ್ತಿತ್ತು.

“ಒಬ್ಬರು ನೋಡಿದ್ದನ್ನ ಇನ್ನೊಬ್ರು ನೋಡೋದು ಬೇಡ ಅಪ್ಪ, ಟೈಮ್ ವೇಸ್ಟ್,” ಎಂದಳು.

ನಮ್ಮ ಗುರುಗಳ ಪಾಠಶಾಲೆಯಲ್ಲಿ ಒಬ್ಬನು ಮೂಲದೊಡನೆ ತಾಳೆ ನೋಡಿದ ಓಲೆಗರಿಯ ನಕಲನ್ನು ಮತ್ತೊಬ್ಬನು ಮೊದಲಿನಿಂದ ಓದಲೇಬೇಕಿತ್ತು. ಅದನ್ನು ಹೇಳಬೇಕೆನಿಸಿತು, ಬಂದ ದಿನವೇ ಉಪದೇಶವೇಕೆಂದು ಸುಮ್ಮನಾದೆ.

ಮರುದಿನ ನನಗೂ ಒಂದು ಆಸ್ಪತ್ರೆ ಪಾಲಿಗೆ ಬಂತು. ಮಲಯಾಳಿ ದಾದಿಯೊಬ್ಬರು ಭಾವಚಿತ್ರ ನೋಡಿ, ಪಟ್ಟಿ ಹುಡುಕಿ, ಇಲ್ಲವೆಂದರು. ನನ್ನ ನಂಬರು ಬರೆದುಕೊಂಡರು. ಹೊರಗೆ ಬಂದು ಹಸಿರು ಒತ್ತಿದೆ.

ನಾನು ಕಂಡ ಬಳಿಕ ರಜೆಯ ಮೇಲೆ ಹೋಗಿದ್ದ ಆ ದಾದಿ ನಾಲ್ಕನೆಯ ದಿನ ಕೆಲಸಕ್ಕೆ ಮರಳಿದವರೇ, ಭಾವಚಿತ್ರದ ಮುಖವನ್ನು ಗುರುತಿಸಿ ಕರೆ ಮಾಡಿದರು. ನಾನು ಹೋಗಿಬಂದ ಸಂಜೆಯೇ, ಬಿಸಿಲಿಗೆ ರಸ್ತೆಬದಿಯಲ್ಲಿ ಕುಸಿದಿದ್ದ ವೀರಭದ್ರಪ್ಪನನ್ನು ಅಲ್ಲಿಗೆ ತಂದಿದ್ದರು. ಅಲ್ಲಿಯವರೆಗೆ ಎಲ್ಲಿದ್ದನೋ ದೇವರೇ ಬಲ್ಲ. ಜೇಬಿನಲ್ಲಿ ಇಕಾಮಾ, ಅಂದರೆ ಅಲ್ಲಿನ ವಾಸದ ಪರವಾನಗಿ ಚೀಟಿ, ಇರಲಿಲ್ಲ. ಎರಡು ದಿನ ಜೀವ ಹಿಡಿದಿದ್ದು, ಹೆಸರಿಲ್ಲದವನಾಗಿಯೇ ತೀರಿಕೊಂಡಿದ್ದ.

ಅಬ್ಬಾಸಿಯಾದಲ್ಲಿ ಅವರಿಬ್ಬರೂ ಇದ್ದ ಆರು ಮಂಚಗಳ ಕೋಣೆಯೊಳಗೆ ಶರಣಪ್ಪ ನನಗೆ ಚಹಾ ಕೊಟ್ಟು, ತಾನು ಕುಡಿಯದೆ ಕುಳಿತ.

“ಆ ದವಾಖಾನಿ ಮುಂದನ ಎರಡ ಸಲ ಬಸ್ ಹತ್ತೇನ್ರೀ ಅಜ್ಜಾರ. ಹಸಿರು ಇತ್ತಲ್ರೀ, ಒಳಗ ಹೋಗ್ಲಿಲ್ಲ.”

ಅವನ ಮಾತಿನಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ವಸುಧಾ ಊಟ ಬಿಟ್ಟು ತಂತ್ರಾಂಶ ತಿದ್ದಿದಳು: ಹಸಿರು ಇನ್ನು ಸಂಜೆಗೆ ಅಳಿಸಿಹೋಗುತ್ತದೆ, ಬೆಳಿಗ್ಗೆ ತಂತ್ರಾಂಶವೇ ಮತ್ತೊಬ್ಬರನ್ನು ಅಲ್ಲಿಗೆ ಕಳುಹಿಸುತ್ತದೆ.

ಕಾಗದಪತ್ರಗಳಿಗೆ ಆರು ದಿನ ಹಿಡಿಯಿತು. ಶವದೊಡನೆ ಹೊರಟ ಶರಣಪ್ಪನ ಜೊತೆಗೆ ನಾನೂ ಮರಳಿದೆ. ವಿಮಾನ ನಿಲ್ದಾಣದ ಗಾಜಿನಾಚೆ ಪೆಟ್ಟಿಗೆಯನ್ನು ವಿಮಾನಕ್ಕೆ ಏರಿಸುವುದನ್ನು ಕಂಡು, ಬಂದು ಅವನಿಗೆ ತಿಳಿಸಿದೆ.

“ನೀವು ನೋಡೀರಿ, ಖರೆ ಅದ,” ಎಂದ ಶರಣಪ್ಪ. “ನಾನೂ ಒಮ್ಮೆ ನೋಡಿ ಬರ್ತೀನ್ರೀ.”

ಅವನು ಎದ್ದು ಗಾಜಿನ ಬಳಿಗೆ ನಡೆದ. ನಾನೂ ಅವನ ಹಿಂದೆ ಹೋಗಿ, ಮತ್ತೊಮ್ಮೆ ನೋಡಿದೆ.