ತಾರ್ ಮಾಸ್ತರರೊಡನೆ ಆಡಿದ ಚದುರಂಗ

ಕುಷ್ಟಗಿ ತಾಲೂಕಿನಲ್ಲಿ ಗಿರ್ದಾವರನಾಗಿದ್ದ ನಾನು ನಿವೃತ್ತನಾದಾಗ ಎರಡನೇ ಮಹಾಯುದ್ಧ ಶುರುವಾಗಿ ಒಂದು ವರ್ಷವಾಗಿತ್ತು. ಹೆಂಡತಿ ಅದಕ್ಕೂ ಮೊದಲೇ ತೀರಿಕೊಂಡಿದ್ದಳು. ಮಕ್ಕಳಾಗಿರಲಿಲ್ಲ. ಕೊಪ್ಪಳದಲ್ಲಿ ಕಾಳಿನ ಅಂಗಡಿ ಇಟ್ಟಿದ್ದ ತಮ್ಮ ತಾನೇ ಚಕ್ಕಡಿ ಹೂಡಿಸಿಕೊಂಡು ಬಂದು, ನನ್ನ ಎರಡು ಟ್ರಂಕು ಮತ್ತು ಹಾಸಿಗೆಯ ಸುರುಳಿ ಹೇರಿಸಿ, ತನ್ನ ಮನೆಗೆ ಕರೆದೊಯ್ದ. ಹೊಲಗಳ ಗಡಿ, ಬೆಳೆ ನೋಡುತ್ತ ಕುದುರೆಯ ಮೇಲೆ ಊರೂರು ತಿರುಗುವ ನೌಕರಿ ನನ್ನದು. ಮೂವತ್ತು ವರ್ಷಗಳಲ್ಲಿ ಒಂದೇ ಸೂರಿನ ಕೆಳಗೆ ಸತತ ಹದಿನೈದು ದಿನ ಮಲಗಿದ್ದು ನೆನಪಿರಲಿಲ್ಲ. ಈಗ ಬೀದಿಯ ಕಡೆಗಿದ್ದ ಕೋಣೆಯೊಂದು ನನ್ನದಾಯಿತು.

ತಮ್ಮನ ಮನೆಯಲ್ಲಿ ಹತ್ತು ಜನ. ಯಾರೂ ನನಗೆ ಏನೂ ಕಡಿಮೆ ಮಾಡಲಿಲ್ಲ. ಬಿಸಿ ರೊಟ್ಟಿ ಮೊದಲು ನನ್ನ ತಾಟಿಗೆ ಬರುತ್ತಿತ್ತು. ಆದರೆ ನಾನು ಒಳಗೆ ಕಾಲಿಟ್ಟೊಡನೆ ನಗು ನಿಲ್ಲುತ್ತಿತ್ತು. ತಮ್ಮನ ಹೆಂಡತಿ ಸೆರಗು ಎಳೆದುಕೊಂಡು ಅಡುಗೆಮನೆಗೆ ಸರಿಯುತ್ತಿದ್ದಳು, ಮಕ್ಕಳು ಗೋಡೆಗೆ ಒತ್ತಿ ನಿಲ್ಲುತ್ತಿದ್ದವು. ನಾನು ಕೆಮ್ಮಿದರೆ ಸಾಕು, ಮನೆ ಕಚೇರಿಯಂತೆ ಗಪ್ಪಾಗಿಬಿಡುತ್ತಿತ್ತು.

ಬೇಸರ ಕಳೆಯಲು ಒಂದು ದಿನ ತಮ್ಮನ ಅಂಗಡಿಗೆ ಹೋಗಿ ಗಾದಿಯ ಮೇಲೆ ಕೂತೆ. ಜೋಳ ತಂದಿದ್ದ ಮೂವರು ರೈತರು ನನ್ನನ್ನು ಕಂಡು ಎದ್ದು ನಿಂತರು. ಕೂಡಿರೆಂದರೂ ಕೂಡಲಿಲ್ಲ. ನಾನು ಒಂದು ಕಾಲಕ್ಕೆ ಅವರ ಹೊಲದ ಬದುವಿನ ಮೇಲೆ ನಿಂತು ಗದರಿದ್ದವನಿರಬೇಕು. ಅವರು ಹೋದ ಮೇಲೆ ತಮ್ಮ ತಲೆ ತಗ್ಗಿಸಿ ಹೇಳಿದ: “ಅಣ್ಣಾ, ನೀ ಇಲ್ಲಿ ಕುಂತ್ರ ಮಂದಿ ಮಾತಾಡಾಕ ಅಂಜತಾರ. ನೀ ಮನ್ಯಾಗ ಆರಾಮ ಇರು.”

ಅಂದಿನಿಂದ ಸಂಜೆ ಹೊತ್ತು ಸ್ಟೇಷನ್ನಿನ ಕಡೆಗೆ ನಡೆಯತೊಡಗಿದೆ. ಅಲ್ಲಿ ಪ್ಲಾಟ್‌ಫಾರಂ ಬೆಂಚಿನ ಮೇಲೆ ನನ್ನಷ್ಟೇ ವಯಸ್ಸಾದ ಒಬ್ಬರು, ಕರಿ ಟೊಪ್ಪಿಗೆ ತೊಡೆಯ ಮೇಲಿಟ್ಟುಕೊಂಡು, ದಿನಾ ಕೂತಿರುತ್ತಿದ್ದರು. ಒಳಗೆ ತಂತಿಯ ಯಂತ್ರ ಟಕಟಕ ಎಂದರೆ ಅವರ ಮುಖ ಆ ಕಡೆ ತಿರುಗುತ್ತಿತ್ತು.

“ಗಾಡಿ ಗಿಣಿಗೇರಿ ಬಿಟ್ಟೈತಿ ನೋಡ್ರಿ,” ಎಂದರು ಒಂದು ದಿನ, ನಾನು ಏನೂ ಕೇಳದಿದ್ದರೂ. ಸ್ವಲ್ಪ ಹೊತ್ತಿಗೆ ಗಾಡಿ ಬಂತು. ಆ ಸ್ಟೇಷನ್ನಿನಲ್ಲೇ ತಂತಿಯ ಕೆಲಸ ಮಾಡಿ ನಿವೃತ್ತರಾದವರು ಅವರು. ಊರಿಗೆಲ್ಲ ತಾರ್ ಮಾಸ್ತರ. ಮಗಳು ಮತ್ತು ಅಳಿಯನ ಜೊತೆ, ಕೊಪ್ಪಳಕ್ಕೆ ಹತ್ತಿಕೊಂಡೇ ಇದ್ದ ನೇಕಾರರ ಊರು ಭಾಗ್ಯನಗರದಲ್ಲಿ ಇದ್ದರು. ಅಳಿಯನಿಗೆ ಎರಡು ಮಗ್ಗಗಳಿದ್ದವು.

ಮಾತಿಗೆ ಮಾತು ಬೆಳೆದು ಅವರು ಕೇಳಿದರು: “ಶತರಂಜ್ ಆಡಾಕ ಬರತೈತೇನ್ರಿ?”

“ಬರತೈತಿ ಅಂದ್ರ? ತಾಲೂಕಿನ್ಯಾಗ ನನ್ನ ಗೆದ್ದಾವ ಒಬ್ಬನೂ ಇಲ್ರಿ,” ಎಂದೆ. ಅದು ಜಂಬವಲ್ಲ, ನನ್ನ ಪೂರ್ತಿ ನಂಬಿಕೆ. ಹಳ್ಳಿಗಳ ತಪಾಸಣೆಗೆ ದೌರಾ ಹೋದಾಗ ಚಾವಡಿಯಲ್ಲಿ ಚದುರಂಗ ಹಾಸುತ್ತಿದ್ದೆ. ಗೌಡ, ಕುಲಕರ್ಣಿ, ಯಾರೇ ಕೂತರೂ ಗೆಲುವು ನನ್ನದೇ.

ಕಿನ್ನಾಳದ ಚಿತ್ರಗಾರರೊಬ್ಬರು ಮಾಡಿಕೊಟ್ಟ ಕೆಂಪು, ಹಸಿರು ಕಾಯಿಗಳು ನನ್ನಲ್ಲಿದ್ದವು. ಮರುದಿನ ಮಧ್ಯಾಹ್ನ ಅವನ್ನು ಹೊತ್ತು ಭಾಗ್ಯನಗರಕ್ಕೆ ಹೋದೆ. ತಾರ್ ಮಾಸ್ತರರು ಕಾಲು ತಾಸಿನಲ್ಲಿ ನನ್ನ ರಾಜನನ್ನು ಕಟ್ಟಿಹಾಕಿದರು. ಇನ್ನೊಂದು ಆಟ ಆಡಿದೆವು, ಅದೂ ಹಾಗೆಯೇ ಆಯಿತು. ವಾರ ಕಳೆಯಿತು. ಒಂದು ಸಲವೂ ಗೆಲ್ಲಲಾಗಲಿಲ್ಲ. ಆಗ ನನಗೆ ತಿಳಿಯಿತು: ಮೂವತ್ತು ವರ್ಷ ಆ ಗೌಡರು, ಕುಲಕರ್ಣಿಗಳು ನನ್ನನ್ನು ಗೆಲ್ಲಿಸುತ್ತಿದ್ದರು. ಮನೆಗೆ ಹೋಗುವ ದಾರಿಯಲ್ಲಿ ಅವರ ಮುಖಗಳನ್ನು ಒಂದೊಂದಾಗಿ ನೆನೆಸಿಕೊಂಡೆ. ನಾನು “ಶಹ” ಅಂದಾಗಲೆಲ್ಲ ಅವರು ಹಣೆ ಬಡಿದುಕೊಂಡು ನಗುತ್ತಿದ್ದದ್ದು ಕಣ್ಣಿಗೆ ಕಟ್ಟಿತು.

ಆದರೂ ಹೋಗುವುದನ್ನು ಬಿಡಲಿಲ್ಲ. ನನ್ನನ್ನು ಅಂಜದೆ ಸೋಲಿಸುವ ಒಬ್ಬ ಮನುಷ್ಯ ಸಿಕ್ಕಿದ್ದ. ಮಗ್ಗದ ಸದ್ದಿನ ನಡುವೆ ಆ ಪಡಸಾಲೆಯಲ್ಲಿ ಕೂತ ಮಧ್ಯಾಹ್ನಗಳೇ ನನ್ನ ದಿನವಾಗಿದ್ದವು. ಹೀಗೆ ಒಂದು ವರ್ಷದ ಮೇಲಾಯಿತು.

ಒಂದು ಮಳೆಗಾಲದ ಮಧ್ಯಾಹ್ನ, ಮೋಡ ಮುಚ್ಚಿ ಪಡಸಾಲೆ ಮಂಕಾಗಿತ್ತು. ಅಂದು ನನಗೆ ಗೆಲುವು ಇನ್ನೇನು ಕೈಗೆ ಬಂದಂತಿತ್ತು. ಕುದುರೆ ಒಂದು ಮನೆ ಆಚೆ ಇದ್ದಿದ್ದರೆ ಅವರ ರಾಜನಿಗೆ ದಾರಿಯೇ ಇರಲಿಲ್ಲ. ತಾರ್ ಮಾಸ್ತರರು ನೀರು ಕುಡಿಯಲು ಒಳಗೆ ಹೋದರು. ನಾನು ಕುದುರೆಯನ್ನು ಸರಿಸಿದೆ. ಕೈ ತಾನೇ ಹೋಯಿತೆಂದು ಹೇಳುವುದು ಸುಳ್ಳು. ಬಾಗಿಲ ಕಡೆ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡೇ ಸರಿಸಿದೆ.

ಅವರು ಬಂದು ಕೂತು ಆಟದ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು. ಆಮೇಲೆ ತಲೆಯೆತ್ತಿ ಕೇಳಿದರು: “ದೌರಾದಾಗೂ ಹಿಂಗ ಆಡತಿದ್ರೇನ್ರಿ?”

ನನ್ನ ಮೈಯೆಲ್ಲ ಉರಿದುಹೋಯಿತು. “ನನ್ನ ಇಮಾನದ ಮ್ಯಾಲೆ ಮಾತಾಡಬ್ಯಾಡ್ರಿ!” ಎಂದು ಕೂಗಿದೆ. ಕಾಯಿಗಳನ್ನೆಲ್ಲ ಚೀಲಕ್ಕೆ ಬಾಚಿಕೊಂಡು ಮಳೆಯಲ್ಲೇ ಹೊರಟೆ. ಅವರು ಹಿಂದಿನಿಂದ ಏನೋ ಅಂದರು. ನಾನು ನಿಲ್ಲಲಿಲ್ಲ.

ಒಂದೂವರೆ ವರ್ಷ ನಾನು ಆ ಕಡೆ ಹೋಗಲಿಲ್ಲ. ಸ್ಟೇಷನ್ನಿನ ದಾರಿ ಬಿಟ್ಟು ಕೋಟೆಯ ಕಡೆಗೆ ತಿರುಗಾಡಿದೆ. ಕೋಣೆಯಲ್ಲಿ ಕಾಯಿ ಹೂಡಿ, ಎರಡೂ ಕಡೆಯಿಂದ ನಾನೇ ಆಡಿದೆ. ನಾನು ಯಾವ ಕಡೆಯಾದರೂ ಗೆಲ್ಲಬಹುದಿತ್ತು, ಅದಕ್ಕೇ ಆಟ ಅರ್ಧಕ್ಕೇ ನಿಂತುಹೋಗುತ್ತಿತ್ತು. ಊಟದ ಹೊತ್ತಿಗೆ ಕರೆಯಲು ಬರುವ ಮಗು ಬಾಗಿಲ ಹೊರಗಿನಿಂದಲೇ ಕೂಗಿ ಓಡುತ್ತಿತ್ತು. ಕೆಲವು ದಿನ ಆ ಕೂಗೊಂದೇ ನನಗೆಂದು ಬಂದ ಮಾತು.

ಒಮ್ಮೆ ಬಜಾರಿನಲ್ಲಿ ತಾರ್ ಮಾಸ್ತರರು ಎದುರಿಗೇ ಬಂದರು. ಅವರಾಗಿ ಒಂದು ಮಾತು ಆಡಿದರೆ ಎಲ್ಲ ಮರೆತುಬಿಡುವುದೆಂದು ನಿಂತೆ. ಅವರು ನೇರ ನನ್ನ ಮುಖವನ್ನೇ ನೋಡಿ, ಗುರುತು ತೋರಿಸದೆ, ಗೋಡೆಯ ಬದಿಗೆ ನಡೆದುಹೋದರು. ಅಂದು ನಾನು ಊಟ ಮಾಡಲಿಲ್ಲ. ಇಷ್ಟು ಸೊಕ್ಕೇ ಈ ಮನುಷ್ಯನಿಗೆ ಎಂದುಕೊಂಡೆ.

ಕಡೆಗೆ ನನ್ನ ಗಡ್ಡ ಹೆರೆಯಲು ಬರುತ್ತಿದ್ದ ಹಜಾಮ ಒಂದು ಬೆಳಿಗ್ಗೆ ಮಾತಿನ ನಡುವೆ ಹೇಳಿದ: “ತಾರ್ ಮಾಸ್ತರರ ಕಣ್ಣು ಪೂರಾ ಹೋಗ್ಯಾವ್ರಿ.”

“ಯಾವಾಗ?”

“ವರ್ಷದ ಮ್ಯಾಲಾತ್ರಿ. ಮೊದಲ ಮಂಜಾಗಿದ್ವಂತ, ಯಾರಿಗೂ ಹೇಳಿಲ್ಲ. ದಾಕ್ಟರಿಗೆ ತೋರಿಸೂದರೊಳಗ ತಡಾ ಆಗಿತ್ತಂತ. ನಿಮ್ಮ ದೋಸ್ತರಲ್ಲೇನ್ರಿ, ನಿಮಗ ಗೊತ್ತಿಲ್ಲ?”

ಅರ್ಧ ಹೆರೆದ ಗಡ್ಡದಲ್ಲೇ ಏಳಲು ಹೋದೆ. ಅವನು ಭುಜ ಒತ್ತಿ ಕೂಡಿಸಿದ.

ಭಾಗ್ಯನಗರದ ಪಡಸಾಲೆಯಲ್ಲಿ ಅವರು ಕಂಬಕ್ಕೆ ಒರಗಿ ಕೂತಿದ್ದರು. ಮಗಳು ಪಕ್ಕದಲ್ಲಿ ರಾಟೆ ತಿರುಗಿಸುತ್ತ ನೂಲು ಸುತ್ತುತ್ತಿದ್ದಳು. “ಯಾರದು?” ಎಂದರು. ನಾನು ಚಪ್ಪಲಿ ಬಿಟ್ಟು ಒಳಗೆ ಬಂದೆ. “ನೂಲಿನವರೇನು?” ಎಂದರು ಮತ್ತೆ.

“ನಾನ್ರಿ. ಗಿರ್ದಾವರ.”

ಅವರು ಪಕ್ಕದ ಚಾಪೆ ತಟ್ಟಿ, “ಬರ್ರಿ, ಕೂಡ್ರಿ. ನೀವು ಕುಷ್ಟಗಿಗೆ ಹೋಗೀರಿ ಅಂತ ತಿಳಕೊಂಡಿದ್ದೆ,” ಎಂದರು.

ನಾನು ಕೂತವನೇ ಎಲ್ಲ ಹೇಳಿಬಿಟ್ಟೆ. ಮಗಳು ಕೇಳಿಸಿಕೊಳ್ಳುತ್ತಿದ್ದಾಳೆಂಬ ನಾಚಿಕೆಯೂ ಆಗಲಿಲ್ಲ. “ಆವತ್ತು ಕುದುರಿ ನಾನ ಸರಿಸಿದ್ದೆ. ನೀವು ಹೇಳಿದ್ದು ಖರೇ ಇತ್ತು. ಕಳ್ಳಾಟ ಆಡಿ, ಮ್ಯಾಲೆ ಸಿಟ್ಟೂ ಮಾಡಿದೆ.”

“ಯಾವ ಕುದುರಿ?” ಎಂದರು ಅವರು. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಮತ್ತೆ ವಿವರಿಸಿದೆ, ಅವರು ಕೇಳಿದ ಪ್ರಶ್ನೆಯನ್ನೂ ಹೇಳಿದೆ.

ಅವರು ಅಂಗೈಯಿಂದ ಮುಖ ಒರೆಸಿಕೊಂಡರು. “ದೌರಾದಾಗ ಇಂಥಾ ಮಬ್ಬಿನ್ಯಾಗೂ ಆಡತಿದ್ರೇನು ಅಂತ ಕೇಳಿರಬೇಕ್ರಿ ನಾನು. ಆ ಹೊತ್ತಿಗೆ ನನಗ ಕೆಂಪು ಯಾವುದು, ಹಸರು ಯಾವುದು ತಿಳೀತಿದ್ದಿಲ್ಲ. ಇಕಿಗೂ ಹೇಳಿದ್ದಿಲ್ಲ. ನೀವು ಇಮಾನ ಅಂತ ಏನೋ ಒದರಿ ಎದ್ದು ಹೋದ್ರಿ, ನನಗ ತಿಳೀಲಿಲ್ಲ, ಮತ್ತ ನೀವು ಬರಲಿಲ್ಲ. ನನ್ನ ಕಣ್ಣಿನ ಸುದ್ದಿ ಇವರಿಗೆ ಗೊತ್ತಾತು, ಕುರುಡನ ಕೂಡ ಏನ ಆಡೂದು ಅಂತ ಬಿಟ್ರು ಅಂದ್ಕೊಂಡೆ.”

ರಾಟೆ ನಿಂತಿತ್ತು. ನನಗೆ ಅಳು ಬಂತು. ಅವರಿಗೆ ಕಾಣದೆಂದು ಒರೆಸಿಕೊಳ್ಳದೆ ಕೂತೆ. ಮಗಳು ನನ್ನ ಕಡೆ ನೋಡಿ, ಎದ್ದು ಒಳಗೆ ಹೋಗಿ ಚಹಾ ಇಟ್ಟಳು.

ಮರುದಿನ ಕಾಯಿಗಳನ್ನು ತೆಗೆದುಕೊಂಡು ಹೋದೆ. ಮಗಳು ಹಸಿರು ಕಾಯಿಗಳ ಕತ್ತಿಗೆಲ್ಲ ನೂಲು ಕಟ್ಟಿಕೊಟ್ಟಳು. ಅವರು ಬೆರಳಾಡಿಸಿ ಗುರುತಿಸುತ್ತಿದ್ದರು, ನಾನು ನನ್ನ ನಡೆಯನ್ನು ಬಾಯಿಬಿಟ್ಟು ಹೇಳುತ್ತಿದ್ದೆ. ಮೊದಮೊದಲು ಕಾಯಿಗಳು ಉರುಳುತ್ತಿದ್ದವು. ತಿಂಗಳೊಳಗೆ ಆಟವೆಲ್ಲ ಅವರ ತಲೆಯಲ್ಲಿ ನಿಂತಿತು. ಮತ್ತೆ ನನ್ನನ್ನು ಸೋಲಿಸತೊಡಗಿದರು. ನಾನು ಅಷ್ಟು ಸಂತೋಷದಿಂದ ಎಂದೂ ಸೋತಿರಲಿಲ್ಲ.

ಅದು ಐದು ತಿಂಗಳು ನಡೆಯಿತು. ಆಮೇಲೆ ಅಳಿಯ ಮಗ್ಗ ಬಿಟ್ಟು ಕುಕನೂರಿನಲ್ಲಿ ಬಟ್ಟೆಯ ಅಂಗಡಿ ಹಾಕಿದ. ಮನೆಯವರೆಲ್ಲ ಅಲ್ಲಿಗೆ ಹೊರಟರು. ಕಾಯಿಗಳನ್ನು ಅವರಿಗೇ ಕೊಟ್ಟೆ.

ಮಳೆಗಾಲ ಮುಗಿಯುವ ಹೊತ್ತಿಗೆ ನೋಡಿಬರಲು ಹೋದೆ. ಸಿಪಾಯಿಗಳಿಂದ ತುಂಬಿದ್ದ ಗಾಡಿಯಲ್ಲಿ ಬಾಣಾಪುರದವರೆಗೆ ನಿಂತೇ ಪ್ರಯಾಣ ಮಾಡಿ, ಅಲ್ಲಿಂದ ಎತ್ತಿನ ಗಾಡಿ ಹಿಡಿದು ಕುಕನೂರು ಮುಟ್ಟಿದೆ. ಅಂಗಡಿಯ ಕಟ್ಟೆಯ ಮೇಲೆ ತಾರ್ ಮಾಸ್ತರರ ಸುತ್ತ ನಾಲ್ಕಾರು ಮುದುಕರು ಕೂತಿದ್ದರು. ಒಬ್ಬರು ಯುದ್ಧದ ಸುದ್ದಿ ಓದುತ್ತಿದ್ದರು. ಇನ್ನೊಬ್ಬರ ಮುಂದೆ ನಮ್ಮ ಆಟ ಹಾಸಿತ್ತು.

“ಗಿರ್ದಾವರ ಸಾಹೇಬ್ರು ಬಂದಾರ!” ಎಂದು ತಾರ್ ಮಾಸ್ತರರು ಎಲ್ಲರಿಗೂ ಹೇಳಿದರು. ನನ್ನ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು. “ಇವರೂ ಛಲೋ ಆಡತಾರ್ರಿ,” ಎಂದು ಎದುರು ಕೂತವರಿಗೆ ಪರಿಚಯಿಸಿದರು. ಅದು ಸುಳ್ಳು, ಆದರೆ ಪ್ರೀತಿಯ ಸುಳ್ಳು. ಆಟ ನಡೆದಿತ್ತು, ಹೊರಡುವವರೆಗೂ ನನ್ನ ಸರದಿ ಬರಲಿಲ್ಲ, ನಾನು ನೋಡುತ್ತ ಕೂತೆ. ಅವರ ಮುಖದಲ್ಲಿ ಕೊಪ್ಪಳದಲ್ಲಿ ಎಂದೂ ಕಾಣದ ಕಳೆ ಇತ್ತು. ಹೊರಡುವಾಗ, “ಮತ್ತ ಬರ್ರಿ, ತಪ್ಪಿಸಬ್ಯಾಡ್ರಿ,” ಎಂದರು. ಬರುತ್ತೇನೆಂದೆ.

ಮತ್ತೆ ಹೋಗಲಿಲ್ಲ. ಕೇಳಿದವರಿಗೆ ಮೊಣಕಾಲು ನೋವು ಎಂದು ಹೇಳಿದೆ. ನೋವು ಇದ್ದದ್ದೂ ನಿಜವೇ.

ಅಂದು ಕುಕನೂರಿನಿಂದ ಬಂದು ತಮ್ಮನ ಮನೆಯ ಅಂಗಳದಲ್ಲಿ ಕಾಲು ತೊಳೆದುಕೊಳ್ಳುತ್ತಿದ್ದಾಗ, ತಮ್ಮನ ಹೆಂಡತಿ ಬಾಗಿಲ ಮರೆಯಲ್ಲಿ ನಿಂತು ಕೇಳಿದಳು: “ಅವರು ಆರಾಮ ಅದಾರೇನ್ರಿ?” ಆ ಮನೆಗೆ ಬಂದ ಮೇಲೆ ಅವಳು ನನ್ನನ್ನು ನೇರವಾಗಿ ಕೇಳಿದ ಮೊದಲ ಮಾತು ಅದು.

“ಭಾಳ ಆರಾಮ ಅದಾರವಾ,” ಎಂದೆ. ಇನ್ನೂ ಏನಾದರೂ ಕೇಳುತ್ತಾಳೇನೋ ಎಂದು ತಂಬಿಗೆ ಹಿಡಿದು ನಿಂತೆ. ಅವಳು ಒಳಗೆ ಹೋದಳು. ನಾನೂ ನನ್ನ ಕೋಣೆಗೆ ಬಂದು ಮಲಗಿದೆ.