ಅಣ್ಣನ ಹೊಟ್ಟೆ ಮುಟ್ಟಬೇಡವೆಂದವರು ಯಾರು?

ಅಶರೀರವಾಣಿ ಕೇಳಿತು ಅನ್ನುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಅವರ ಮಾತಿಗೆ ಉಪ್ಪುಖಾರ ಹಚ್ಚಿ ಅಂಗಡಿಯಲ್ಲಿ ಎಲ್ಲರನ್ನೂ ನಗಿಸುತ್ತಿದ್ದವನು ನಾನೇ. ಈಗ ನೀವು ನನ್ನನ್ನು ನೋಡಿ ನಕ್ಕರೂ ಬೇಜಾರಿಲ್ಲ.

ಬೆಟಗೇರಿಯ ನಮ್ಮ ಮನೆಯಲ್ಲಿ ಮಗ್ಗ ಬಿಡದೆ ಉಳಿಸಿಕೊಂಡವನು ಅಣ್ಣನೊಬ್ಬನೇ. ನಾನು ಬಟ್ಟೆ ಅಂಗಡಿ ಸೇರಿಕೊಂಡೆ. ಕೆಲವು ವರ್ಷಗಳ ಹಿಂದೆ ಒಂದು ಮಧ್ಯಾಹ್ನ ಊಟಕ್ಕೆ ಬಂದರೆ, ಅಣ್ಣ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯಿಂದ ಮೇಲೇಳಲಾರದೆ ಹೊಟ್ಟೆ ಹಿಡಿದುಕೊಂಡು ನರಳುತ್ತಿದ್ದ. ನಾನೂ ಅಣ್ಣನ ಹೆಂಡತಿ ವೈನಿಯೂ ಅವನನ್ನೆತ್ತಿ ಚಾಪೆಯ ಮೇಲೆ ಮಲಗಿಸಿದೆವು. ಮೈಯೆಲ್ಲ ತಣ್ಣನೆಯ ಬೆವರು.

"ಬಟ್ಟಿ ಬಿದ್ದೈತಿ. ಕುಣ್ಯಾಗ ಕುಂತು ಕುಂತು ಹಿಂಗಾಗೇತಿ," ಅಂದಳು ಅವ್ವ.

ಹೊಟ್ಟೆನೋವೆಂದರೆ ನಮ್ಮ ಓಣಿಯಲ್ಲಿ ಮೊದಲ ಅನುಮಾನ ಬಟ್ಟಿಯ ಮೇಲೆಯೇ. ಹೊಕ್ಕುಳು ಜಾಗ ಬಿಟ್ಟು ಸರಿದಿದೆ ಅಂತ ಎಣ್ಣೆ ಹಚ್ಚಿ, ಒತ್ತಿ ಒತ್ತಿ ತಿಕ್ಕುತ್ತಾರೆ. ಅವ್ವನ ಕೈ ಅದರಲ್ಲಿ ಪಳಗಿದ್ದು. ಗಾಳಿ ತಾಗಬಾರದೆಂದು ನಾನೇ ಬಾಗಿಲು ಹಾಕಿ ಚಿಲಕ ಸೇರಿಸಿದೆ. ಅವ್ವ ಅಂಗೈಗೆ ಔಡಲೆಣ್ಣೆ ಸುರಿದುಕೊಂಡು ಅಣ್ಣನ ಮೇಲೆ ಬಾಗಿದಳು.

"ಮುಟ್ಟಬ್ಯಾಡ! ಒಳಗ ಒಡದೈತಿ!"

ನನ್ನ ಬೆನ್ನ ಹಿಂದಿನಿಂದ ಬಂದ ಹೆಂಗಸಿನ ದನಿ. ಅವ್ವನ ಕೈ ಅಲ್ಲೇ ನಿಂತಿತು. ವೈನಿ ಗಾಬರಿಯಲ್ಲಿ ಚೀರಿದಳೆಂದುಕೊಂಡು ನಾನು ತಿರುಗಿಯೂ ನೋಡದೆ ಎದ್ದೆ. ಓಣಿಯ ಟಂಟಂ ಗಾಡಿ ಕರೆದು ಅಣ್ಣನನ್ನು ಗದಗಿನ ಆಸ್ಪತ್ರೆಗೆ ಒಯ್ದೆವು.

ಸ್ಕ್ಯಾನ್ ನೋಡಿದ ಡಾಕ್ಟರು ಹೊರಗೆ ಓಡಿಬಂದರು. "ಲಿವರ್‌ದಾಗ ಗಡ್ಡಿ ಐತ್ರಿ. ಅದು ಒಡದು ಹೊಟ್ಟಿ ತುಂಬ ರಕ್ತ ಆಗೇತಿ. ಈಗಿಂದೀಗ ಆಪರೇಷನ್ ಮಾಡಬೇಕು. ಹೊಟ್ಟಿ ತಿಕ್ಕಿಲ್ಲಲ್ಲ? ತಿಕ್ಕಿದ್ರ ಇಲ್ಲಿತನಕ ಬರತಿದ್ದಿಲ್ಲ."

ಅಣ್ಣನಿಗೆ ಗಡ್ಡೆಯಿದೆ ಎಂದು ಅದುವರೆಗೆ ಅವನಿಗೇ ಗೊತ್ತಿರಲಿಲ್ಲ.

ಆಪರೇಷನ್ ಕೋಣೆಯ ಹೊರಗೆ ಕುಂತಾಗ ವೈನಿಯನ್ನು ಕೇಳಿದೆ, "ಒಡದೈತಿ ಅಂತ ನಿಮಗ ಹೆಂಗ ತಿಳೀತ್ರಿ?"

ಅವಳು ಕಣ್ಣು ಬಿಟ್ಟು ನೋಡಿದಳು. "ನಾ ಎಲ್ಲಿ ಅಂದೇನ್ರಿ? ಬಾಜೂ ಮನಿಯವರು ಯಾರರ ಅಂದ್ರು ಅನ್ಕೊಂಡೆ."

"ಬಾಗಲಾ ಹಾಕಿತ್ತಲ್ಲವಾ," ಅಂದಳು ಅವ್ವ. ಅವಳ ಕೈಗೆ ಇನ್ನೂ ಎಣ್ಣೆ ಮೆತ್ತಿತ್ತು. ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು.

ಸೋರುತ್ತಿದ್ದ ರಕ್ತ ನಿಲ್ಲಿಸಿ, ಗಡ್ಡೆಯಿದ್ದ ಭಾಗವನ್ನು ಕತ್ತರಿಸಿ ತೆಗೆದರು. ಪರೀಕ್ಷೆಯಲ್ಲಿ ಅದು ಕ್ಯಾನ್ಸರ್ ಅಂತ ಬಂತು. ಆದರೂ ಅಣ್ಣ ಬದುಕಿದ.

ಮಾತಾಡುವಷ್ಟು ಚೇತರಿಸಿಕೊಂಡ ಮೇಲೆ ಅವನು ನನ್ನನ್ನು ಹತ್ತಿರ ಕರೆದ. "ಆಕಿ ಮನಿಗೆ ಹೋದಳೇನ್ಲೇ?"

"ಯಾರು?"

"ಬಾಗಲದಾಗ ನಿಂತು ಒದರಿದಾಕಿ. ಭಾಳ ಅಳಾಕತ್ತಿದ್ಲು."

"ಹೋದಳು" ಅಂತ ಹೇಳಲು ಬಾಯಿ ತೆರೆದೆ, ಯಾಕೋ ಆ ಮಾತು ಹೊರಡಲಿಲ್ಲ.

"ಇಲ್ಲೇ ಅದಾಳ, ಕಣ್ಣ ಮುಚ್ಚಿ ಮಕ್ಕೋ," ಅಂದೆ.

ಅವಳು ಯಾರು, ಹೇಗಿದ್ದಳು ಅಂತ ಇವತ್ತಿಗೂ ನಾನು ಕೇಳಿಲ್ಲ. ಅವನು ಮತ್ತೆ ಸ್ಕ್ಯಾನಿಗೆ ಒಳಗೆ ಹೋದಾಗಲೆಲ್ಲ ನಾನು ಹೊರಗೆ ಬಾಗಿಲ ಪಕ್ಕ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟೇ ನಿಲ್ಲುತ್ತೇನೆ.