ಹೊಲದ ಕೊನೆ ಮುಟ್ಟದ ಐದು ವೋಲ್ಟು

ಡೆಂಕಣಿಕೋಟೆ ಹತ್ತಿರದ ಚಿಕ್ಕಪ್ಪನ ಹೊಲಕ್ಕೆ ಆನೆ ಕಂಡರೆ ಕೂಗುವ ಯಂತ್ರ ಕಟ್ಟಿಕೊಟ್ಟವಳು ನಾನೇ. ಅಂಗೈಯಗಲದ ಕಂಪ್ಯೂಟರ್ ಬೋರ್ಡು, ಒಂದು ಕ್ಯಾಮೆರಾ, ಒಂದು ಸೈರನ್. ಹೊಸೂರಿನ ಫ್ಯಾಕ್ಟರಿಯಲ್ಲಿ ದಿನಾ ಬೋರ್ಡುಗಳನ್ನು ಪರೀಕ್ಷಿಸುವವಳಿಗೆ ಇದೇನು ಮಹಾ ಅಂದುಕೊಂಡಿದ್ದೆ.

ಹೊಲದ ಅಂಚಿಗೆ ಮನೆಯ ಕರೆಂಟು ಎಳೆಯಲು ನಮ್ಮ ಕಡೆ ಯಾರಿಗೂ ಧೈರ್ಯವಿಲ್ಲ. ಆನೆಗೆ ತಗುಲಿತೆಂದರೆ ಪಾಪವೂ ಸುತ್ತಿಕೊಳ್ಳುತ್ತದೆ, ಕೇಸೂ ಸುತ್ತಿಕೊಳ್ಳುತ್ತದೆ. ಅದಕ್ಕೇ ಚಾರ್ಜರನ್ನು ಮನೆಯೊಳಗಿಟ್ಟು, ಅದರ ಐದು ವೋಲ್ಟನ್ನಷ್ಟೇ ತೆಳ್ಳನೆ ವೈರಿನಲ್ಲಿ ಹೊಲದುದ್ದಕ್ಕೂ ಎಳೆದಿದ್ದೆ. ಸೈರನ್ನನ್ನು ಮನೆಯಲ್ಲೇ ಗಿಡ್ಡ ವೈರಿಗೆ ಸಿಕ್ಕಿಸಿ ಮೆಲ್ಲಗೆ ಕೂಗಿಸಿ ನೋಡಿದ್ದೆ. ಹೊಲದಲ್ಲಿ ಕೂಗಿಸಿದರೆ ಆನೆ ಬಂತೆಂದು ಊರವರು ಓಡಿಬಂದಾರಲ್ಲ! ಹೊಲದಲ್ಲಿ ಬೋರ್ಡಿಗೆ ಪರದೆ ಜೋಡಿಸಿ ನೋಡಿದಾಗ, ವೋಲ್ಟೇಜ್ ಸಾಲದೆಂದು ಅದರ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ಬರುತ್ತಿತ್ತು. ಕೆಲಸ ನಡೆಯುತ್ತಿದೆಯಲ್ಲ, ಇದರದ್ದೇನು ಕಿರಿಕಿರಿ ಎಂದು ಸೆಟ್ಟಿಂಗಿಗೆ ಹೋಗಿ ಆ ಗುರುತನ್ನೇ ಅಡಗಿಸಿಬಿಟ್ಟೆ.

ರಾಗಿ ತೆನೆ ಕಟ್ಟಿದಾಗ ಆನೆಗಳು ಬಂದವು. ಸೈರನ್ ಕೂಗಲಿಲ್ಲ. ಯಂತ್ರವನ್ನು ನಂಬಿ ಅಟ್ಟಣೆಯ ಕಾವಲು ಬಿಟ್ಟಿದ್ದ ಚಿಕ್ಕಪ್ಪ ಮನೆಯಲ್ಲಿ ಮಲಗಿದ್ದರು. ಚಿಕ್ಕಮ್ಮ ಫೋನಿನಲ್ಲಿ ಅತ್ತಾಗ ನನ್ನ ಬಾಯಿಗೆ ಬಂದದ್ದು, "ಚಿಕ್ಕಪ್ಪ ಸ್ವಿಚ್ ಆಫ್ ಮಾಡಿರ್ಬೇಕು, ನೋಡಿ" ಎಂಬ ಮಾತು. ತಪ್ಪು ನನ್ನ ಕೆಲಸದ್ದಿರಬಹುದೆಂದು ಹೊಳೆಯಲೇ ಇಲ್ಲ. ಎಂಥ ಕೊಬ್ಬು!

ಮುಂದಿನ ಭಾನುವಾರ ಮೀಟರ್ ಹಿಡಿದು ಹೋದೆ. ಮನೆಯ ತುದಿಯಲ್ಲಿ ಐದು ವೋಲ್ಟು ಸರಿಯಾಗಿತ್ತು. ಹೊಲದ ತುದಿಯಲ್ಲಿ ನಾಲ್ಕೂವರೆಯಷ್ಟೇ. ಸೈರನ್ ಹಚ್ಚಿದೆ. ಕುಂಯ್ ಅಂದು ನಿಂತಿತು. ಅಂಕಿ ನಾಲ್ಕಕ್ಕಿಂತ ಕೆಳಗೆ ಜಾರಿ, ಬೋರ್ಡು ಆರಿ, ಮತ್ತೆ ಮೊದಲಿನಿಂದ ಶುರುವಾಯಿತು. ಉದ್ದನೆಯ ತೆಳು ವೈರು ದಾರಿಯಲ್ಲೇ ವೋಲ್ಟೇಜ್ ತಿಂದುಹಾಕುತ್ತಿತ್ತು. ಕೂಗಬೇಕಾದ ಹೊತ್ತಿಗೇ ಯಂತ್ರಕ್ಕೆ ಜ್ಞಾನ ತಪ್ಪುತ್ತಿತ್ತು. ಅಡಗಿಸಿದ್ದ ಆ ಗುರುತು ನೆನಪಾಗಿ ನಾಚಿಕೆಯಿಂದ ಮುಖ ಬಿಸಿಯಾಯಿತು.

ಬದುವಿನ ಮೇಲೆ ಕೂತಿದ್ದ ಚಿಕ್ಕಪ್ಪನಿಗೆ, "ನೀವೇನೂ ಆಫ್ ಮಾಡಿಲ್ಲ ಚಿಕ್ಕಪ್ಪ, ತಪ್ಪು ನಂದು" ಅಂದೆ.

ಅವರು ನನ್ನನ್ನೇ ನೋಡಿದರು. "ನಿಜ್ವಾಗ್ಲೂನಾ? ನಿಮ್ ಚಿಕ್ಕಮ್ಮ ದಿನಾ ಬೈತಾ ಅವ್ಳೆ. ಮೊದ್ಮೊದ್ಲು ನಾನಲ್ಲ ಅಂದೆ. ಆಮೇಕೆ ನಾನೇ ಆಫ್ ಮಾಡ್ಬುಟ್ಟು ಮರ್ತೋಗಿರ್ಬೇಕು ಅನ್ಕಂಡೆ ಕಣಮ್ಮಿ. ತಲೆ ಕೆಟ್ಟೋಯ್ತಾ ಐತೆ ಅಂತ ಒಲೆ ತಾವ್ಕೂ ಹೋಗ್ತಿಲ್ಲ. ಮಗೂನ ಎತ್ಕಳಕೂ ಭಯ, ಎಲ್ಲಾದ್ರೂ ಬುಟ್ಟು ಬಂದ್ಬುಟ್ರೆ?" ಮಗು ಅಂದರೆ ಅವರ ಮೊಮ್ಮಗಳು.

ನಾನು ಆಡಿದ್ದು ಒಂದೇ ಮಾತು. ಅವರು ಅಷ್ಟು ದಿನ ತಮ್ಮ ತಲೆಯನ್ನೇ ನಂಬದೆ ಕೂತಿದ್ದರು. ನೇರ ಮನೆಗೆ ಹೋಗಿ ಚಿಕ್ಕಮ್ಮನಿಗೆ ಮಿಂಚಿನ ಗುರುತಿನ ಸಮೇತ ಎಲ್ಲವನ್ನೂ ಹೇಳಿದೆ. "ಅಯ್ಯೋ, ಎಷ್ಟ್ ಬೈದ್ಬುಟ್ನಲ್ಲಮ್ಮಿ" ಎಂದು ಅವರು ಬಾಯಿಗೆ ಸೆರಗು ಅಡ್ಡ ಹಿಡಿದರು.

ಹೊಸೂರಿಗೆ ಹೋಗಿ ಸಾಮಾನು ತಂದೆ. ದಾರಿಯಲ್ಲಿ ಒಂದಿಷ್ಟು ಕರಗಿದರೂ ಸಾಲುವಂತೆ ಮನೆಯಿಂದ ಹನ್ನೆರಡು ವೋಲ್ಟು ಕಳಿಸಿ, ಅದನ್ನು ಬೋರ್ಡಿನ ಪಕ್ಕದಲ್ಲೇ ಐದಕ್ಕೆ ಇಳಿಸುವ ಪುಟ್ಟ ಸಾಧನ ಕೂರಿಸಿದೆ. ಈ ಸಲ ಹೊಲದಲ್ಲೇ ಕೂಗಿಸಿದೆ. ಊರವರು ಓಡಿಬಂದು ಬೈದು ಹೋದರು.

ಗಲಾಟೆ ಮುಗಿದ ಮೇಲೆ ಚಿಕ್ಕಮ್ಮ ಮೊಮ್ಮಗಳನ್ನು ತಂದು ಚಿಕ್ಕಪ್ಪನ ತೊಡೆ ಮೇಲೆ ಕೂರಿಸಿದರು. ಚಿಕ್ಕಪ್ಪ ಎರಡೂ ಕೈಯಿಂದ ಮಗುವನ್ನು ಭದ್ರವಾಗಿ ಹಿಡಿದುಕೊಂಡು ಹೆಂಡತಿಗೆ ಹೇಳಿದರು: "ನೀನೂ ಇಲ್ಲೇ ಇರೇ, ಎಲ್ಲೂ ಹೋಗ್ಬ್ಯಾಡ."